ಕೆಂಪವ್ವನ ಮುಖದ ಮೇಲೆ ಬೇರೆಯವರ ಹೆಸರು

ಬೇರೆಯವರ ಹೆಸರಿರುವ ಪಾತ್ರೆಯನ್ನು ನನ್ನ ಹೆಂಡತಿ ಕೆಂಪವ್ವ ಒಂದು ರಾತ್ರಿಯೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನಮ್ಮ ಕಡೆ ಸ್ಟೀಲಿನ ಪ್ರತಿಯೊಂದು ಭಾಂಡೆಯ ಮೇಲೂ ಹೆಸರು ಕೊರೆಸುತ್ತೇವೆ. ಮದುವೆ, ಬಸುರಿಯ ಕುಬಸದಂಥ ಕಾರ್ಯ ಮುಗಿದ ಮೇಲೆ ಯಾರ ಹೆಸರಿದೆಯೋ ಅವರ ಮನೆಗೆ ಅದು ಮುಟ್ಟಬೇಕು. ಹಿಂದೊಮ್ಮೆ ಗಡಿಬಿಡಿಯಲ್ಲಿ ಬದಲಾಗಿ ಬಂದಿದ್ದ ತನ್ನ ಹೆಸರಿನ ತಾಟನ್ನು ನಮ್ಮ ಅಡಿಗೆಮನೆಯಲ್ಲಿ ಕಂಡ ಓಣಿಯ ಸಾವಂತ್ರೆವ್ವ, ಎಲ್ಲರ ಮುಂದೆ ಕೆಂಪವ್ವನನ್ನು ಕಳ್ಳಿ ಅಂದುಬಿಟ್ಟಿದ್ದಳು. ಅಂದಿನಿಂದ ಈ ನೇಮ.

ಅಂಥವಳ ಬಾಯಿ ಒಂದು ಮುಂಜಾನೆ ಬಲಕ್ಕೆ ಸೊಟ್ಟಗಾಯಿತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಕುಡಿದ ಚಹಾ ಬಾಯಿಯ ಎಡಮೂಲೆಯಿಂದ ಸೋರುತ್ತಿತ್ತು. ಆ ದಿನವನ್ನು ಎಣ್ಣೆ ಹಚ್ಚಿ ಹಾಳು ಮಾಡಿದೆವು. ಮರುದಿನ ಯರಗಟ್ಟಿಯಲ್ಲಿ ಬಸ್ಸು ಹತ್ತಿ ಬೈಲಹೊಂಗಲದ ಡಾಕ್ಟರ್ ಪ್ರಣಿತಾ ಅವರ ದವಾಖಾನೆಗೆ ಹೋದೆವು.

ಪ್ರಣಿತಾ ಆಕೆಯ ಹುಬ್ಬು ಎತ್ತಿಸಿ, ಗಲ್ಲ ಉಬ್ಬಿಸಿ ನೋಡಿದರು.

"ಅಂಜಬ್ಯಾಡ್ರಿ ಅವ್ವಾರ, ಲಕ್ವಾ ಅಲ್ಲ ಇದು. ಮಾರಿ ನರ ಬಾತೈತಿ. ಬೆಲ್ಸ್ ಪಾಲ್ಸಿ ಅಂತಾರ. ಆದ್ರ ಗುಳಿಗಿ ಮೂರು ದಿನದೊಳಗ ಚಾಲೂ ಮಾಡಬೇಕು. ತಡಾ ಮಾಡಿದ್ರ ಮಾರಿ ಹಿಂಗ ಉಳದರೂ ಉಳೀತು."

"ಹಂಗಂದ್ರ ಏನ್ರಿ?" ಎಂದಳು ಕೆಂಪವ್ವ.

"ಪಾಲ್ಸಿ ಗ್ರೀಕ್ ಮಾತಿನಿಂದ ಬಂದದ್ದು. ಸಡಲ ಆಗೋದು ಅಂತ ಅರ್ಥ. ಬೆಲ್ ಅನ್ನೋದು ಒಬ್ಬ ಸಾಹೇಬನ ಹೆಸರು."

ನಾನು ಹಣೆ ಬಡಿದುಕೊಂಡೆ. ಕೆಂಪವ್ವ ಪ್ರಣಿತಾ ಬರೆದುಕೊಟ್ಟ ಗುಳಿಗೆಯ ಚೀಟಿಯನ್ನು ತಿರುಗಿ ಮೇಜಿನ ಮೇಲೆ ಇಟ್ಟಳು.

"ಹಂಗಾರ ಇದು ನಮ್ಮದಲ್ಲ. ಯಾರದೈತಿ ಅವರಿಗೆ ಮುಟ್ಟಿಸ್ರಿ. ಮಂದಿ ಸಾಮಾನಕ್ಕ ನಾ ಔಷಧ ಹಾಕಿ ಹಾಳ ಮಾಡಂಗಿಲ್ಲ."

"ಅಂವಾ ಸ್ಕಾಟ್ಲಂಡದಾಂವ. ಸತ್ತು ನೂರೆಂಬತ್ತು ವರ್ಷದ ಮ್ಯಾಲಾತು."

"ಮಕ್ಕಳು ಮರಿ ಇರತಾರಲ್ಲ? ನಾಳೆ ಬಂದು ಕಳ್ಳಿ ಅಂದ್ರ?"

"ಲೇ, ನಿನ್ನ ಸೊಟ್ಟ ಮಾರಿ ಕೇಳಾಕ ಸ್ಕಾಟ್ಲಂಡದಿಂದ ಯರಗಟ್ಟಿಗೆ ಯಾರ ಬರತಾರ? ಸುಮ್ನ ನುಂಗು!" ಎಂದು ಕೂಗಿದೆ. ಹೊರಗೆ ಕುಳಿತಿದ್ದ ರೋಗಿಗಳು ಬಾಗಿಲಲ್ಲಿ ಇಣುಕಿದರು.

"ಒಂದು ತಾಟಿನ ಸಲುವಾಗಿ ಸಾವಂತ್ರೆವ್ವ ಬಂದಿರಲಿಲ್ಲೇನು?" ಎಂದಳು.

ಪ್ರಣಿತಾ ಸಮಾಧಾನ ಮಾಡಲು ಹೋಗಿ ಇನ್ನಷ್ಟು ಕೆಡಿಸಿದರು.

"ನಮ್ಮ ಮೈತುಂಬ ಮಂದಿ ಹೆಸರ ಅದಾವ್ರಿ ಅವ್ವಾರ. ಕಿವಿಯಿಂದ ಗಂಟಲಕ್ಕ ಹೋಗೋ ನಳಿಗಿಗೆ ಯೂಸ್ಟಾಕಿ ಅನ್ನಾಂವನ ಹೆಸರು. ಗರ್ಭಚೀಲದ ನಳಿಗಿಗೆ ಫಾಲೋಪಿಯೋ ಅನ್ನಾಂವನ ಹೆಸರು. ಇಬ್ಬರೂ ಇಟಲಿಯವರು. ಯಾರರ ವಾಪಸ್ ಕೇಳ್ಯಾರೇನು?"

ಈಗ ತಲೆ ಕೆಟ್ಟದ್ದು ನನ್ನದು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದೆ.

"ನನ್ನ ಹೇಣ್ತಿ ಹೊಟ್ಟಿಯೊಳಗ ಇಟಲಿ ಗಂಡಸಿನ ಹೆಸರ? ಯಾರನ್ನ ಕೇಳಿ ಹಾಕಿದ? ಯಾವಾಗ ಹಾಕಿದ?"

"ನಾಕನೂರ ಐವತ್ತು ವರ್ಷದ ಹಿಂದ, ಯಜಮಾನ್ರ."

"ಆಗ ನಮ್ಮ ಲಗ್ನಾ ಆಗಿದ್ದಿಲ್ಲ, ಕುಂದರ್ರಿ," ಎಂದು ಕೆಂಪವ್ವ ನನ್ನ ಅಂಗಿ ಜಗ್ಗಿದಳು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದಳು: "ಡಾಕ್ಟರ ಬಾಯಾರ, ಆ ಬೆಲ್ಲನಿಗೂ ಈ ಬ್ಯಾನಿ ಬಂದಿತ್ತೇನ್ರಿ?"

"ಇಲ್ಲರಿ. ಮಂದಿ ಮಾರಿ ನೋಡಿ ಬರದಿಟ್ಟ. ಅದಕ್ಕ ಅವನ ಹೆಸರು."

ಕೆಂಪವ್ವನ ಮುಖದ ನೆಟ್ಟಗಿದ್ದ ಅರ್ಧ ಕೆಂಪಾಯಿತು. "ಮಾರಿ ಮಂದೀದು, ಬ್ಯಾನಿ ಮಂದೀದು, ಹೆಸರ ಇವಂದ? ಹಂಗಾರ ಕಳ್ಳ ಅಂವಾ!"

"ಅಂವನ!" ಎಂದೆ ನಾನು, ತಡಮಾಡದೆ. "ಮಾಲು ನಿಂದ. ಈಗರ ನುಂಗು."

"ನನ್ನ ಹೆಸರ ಕೊರಸ್ರಿ. ಆಮ್ಯಾಲೆ ನುಂಗತೇನಿ."

ಗುಳಿಗೆ ಕೊಂಡು ಪ್ಯಾಟೆಯಲ್ಲಿ ಉಳವಪ್ಪನ ಭಾಂಡೆ ಅಂಗಡಿಗೆ ಹೋದೆವು. ಉಳವಪ್ಪ ಹೆಸರು ಕೊರೆಯುವ ಮಷಿನ್ ಚಾಲೂ ಮಾಡಿ, "ಯಾವುದರ ಮ್ಯಾಲೆ?" ಎಂದ. ಕೆಂಪವ್ವ ಎಡಗೆನ್ನೆ ಮುಂದೆ ಮಾಡಿದಳು. ಅವನು ಮಷಿನ್ ಬಂದ್ ಮಾಡಿದ.

"ಯವ್ವಾ, ನಾ ಭಾಂಡೆ ಮ್ಯಾಲಷ್ಟ ಕೊರಿತೇನಿ."

ಗುಳಿಗೆ ಇಡಲು ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡೆ. "'ಕೆಂಪವ್ವ ಜಟ್ಟೆಪ್ಪ ಇವರ ಬ್ಯಾನಿ' ಅಂತ ಹಾಕು," ಎಂದೆ, ರೂಢಿಯಂತೆ ನನ್ನ ಹೆಸರನ್ನೂ ಸೇರಿಸಿ.

"ಯಾರ ಸ್ಮರಣಾರ್ಥ?"

"ಬಾಯಿ ಮುಚ್ಚಿ ಕೊರಿಯಪಾ!"

ಕೆಂಪವ್ವ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದಳು. ಅಲ್ಲೇ ಅಂಗಡಿಯ ನೀರು ಕೇಳಿ ಗುಳಿಗೆ ನುಂಗಿದಳು. ಅರ್ಧ ನೀರು ಸೀರೆಯ ಮೇಲೆ ಸುರಿಯಿತು. ನಾನು ನನ್ನ ಟವೆಲಿನಿಂದ ಆಕೆಯ ಗದ್ದ ಒರೆಸಿದೆ.

ವಾರಗಳು ಕಳೆದಂತೆ ಬಾಯಿ ನೆಟ್ಟಗಾಗುತ್ತ ಬಂತು. ಒಂದು ದಿನ ಕೆಂಪವ್ವ ಎರಡೂ ಗಲ್ಲ ಉಬ್ಬಿಸಿ ನೀರೊಲೆ ಊದಿದಳು. ಭಗ್ಗೆಂದು ಉರಿ ಎದ್ದಿತು. ನಾನು ಖುಷಿಪಡುವಷ್ಟರಲ್ಲಿ ಆಕೆ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು.

"ಬ್ಯಾನಿ ಹೋತು. ಆದ್ರ ಅದರ ಮ್ಯಾಲೆ ನನ್ನ ಹೆಸರ ಐತಿ."

"ಇದ್ದರ ಇರಲಿ."

"ಇರಲಿ ಅಂದ್ರ? ಎಲ್ಲೆರ ಸಿಕ್ಕರ ಮಂದಿ ತಿರುಗಿ ನಮ್ಮ ಮನಿಗೆ ತಂದು ಕೊಡತಾರ."

ಬೈಯಲು ಬಾಯಿ ತೆರೆದೆ. ಆದರೆ ಸೀರೆಯ ಮೇಲೆ ಸುರಿದ ಆ ನೀರು ನೆನಪಾಯಿತು. ಡಬ್ಬಿ ಹಿಡಿದು ಬಸ್ಸು ಹತ್ತಿದೆ.

ಉಳವಪ್ಪ ಡಬ್ಬಿ ತಿರುವಿ ನೋಡಿದ. "ಕೊರದದ್ದು ಅಳಸಾಕ ಬರಂಗಿಲ್ಲ. ಉಜ್ಜಿ, ಮ್ಯಾಲೆ ಬ್ಯಾರೆ ಹೆಸರ ಕೊರಿಬಹುದು. ಯಾರದ ಹಾಕಲಿ?"

"ಬೆಲ್ ಅಂತ ಹಾಕು," ಎಂದೆ. "ಊರೂ ಹಾಕು, ಸ್ಕಾಟ್ಲಂಡ ಅಂತ. ದೊಡ್ಡ ಅಕ್ಷರದಾಗ."