ಹಳೇ ಹಡಗಿನ ಹೆಸರು

"ಚಹಾ ತುಂಬಾ ಚೆನ್ನಾಗಿದೆಯಮ್ಮ" ಎಂದ ನೌಕಾಪಡೆಯ ಅಧಿಕಾರಿ. ಲೋಟವನ್ನು ಅವನಿನ್ನೂ ತುಟಿಗೆ ಸೋಕಿಸಿರಲಿಲ್ಲ.

ದರ್ಜಿಯಮ್ಮ ಹೊಲಿಗೆ ಯಂತ್ರದ ಹಿಂದೆ ಕೂತೇ ಅವನನ್ನು ಅಳೆದಳು. ಮೆಕ್ಯಾನಿಕನಾಗಿದ್ದ ಗಂಡ ಯುದ್ಧನೌಕೆಯೊಂದರ ಎಂಜಿನ್ ಕೋಣೆಯಲ್ಲಿ, ಆ ನೌಕೆಯ ಜೊತೆಗೇ ಮುಳುಗಿ ಇಪ್ಪತ್ತಾರು ವರ್ಷವಾಗಿತ್ತು. ಅಷ್ಟೂ ವರ್ಷ ಈ ಕಡೆ ತಲೆ ಹಾಕದವರು ಇವತ್ತು ಇಸ್ತ್ರಿ ಮುರಿಯದ ಬಿಳಿ ಬಟ್ಟೆಯಲ್ಲಿ ಬಾಗಿಲಿಗೇ ಬಂದಿದ್ದಾರೆ. ಅತಿ ವಿನಯ ಧೂರ್ತ ಲಕ್ಷಣ ಅಂದುಕೊಂಡಳು.

"ಹೊಸ ಹಡಗಿಗೆ ಹಳೇದರ ಹೆಸರನ್ನೇ ಇಡ್ತಾ ಇದ್ದೀವಿ. ಹಡಗು ಹೋದ್ರೂ ಹೆಸರು ಹೋಗಬಾರದು ಅನ್ನೋದು ನಮ್ಮ ಪದ್ಧತಿ. ಸಮಾರಂಭಕ್ಕೆ ಬಂದು ನೀವು ಮುಂದಿನ ಸಾಲಲ್ಲಿ ಕೂರಬೇಕು. ಇಲ್ಲೊಂದು ಸಹಿ ಹಾಕಿದ್ರೆ ಆಯ್ತು."

"ಕುರ್ಚಿ ಮೇಲೆ ಕೂರೋಕೂ ಸಹಿ ಬೇಕಾ ಸ್ವಾಮಿ?"

ತೊಟ್ಟಿಲು ತೂಗುತ್ತಿದ್ದ ಮಗಳು, ಹಾಕಿಬಿಡು ಎಂದು ಕಣ್ಸನ್ನೆ ಮಾಡಿದಳು. ಮೂರು ತಿಂಗಳಾದರೂ ಅವಳ ಮಗುವಿಗೆ ಹೆಸರಿರಲಿಲ್ಲ. ತಾತನ ಹೆಸರಿಡಬೇಕೆಂದು ಅವಳ ಆಸೆ. "ಹಡಗು ಮುಳುಗಿಸಿದವನ ಹೆಸರು ನಮ್ಮನೆಗೆ ಬೇಡ" ಎಂದು, ಊರ ಮಾತು ನಂಬಿದ್ದ ಅವಳ ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದಳು. ಹಡಗಿನ ಹೆಸರೇ ತಿರುಗಿ ಬಂದರೆ ಅಪ್ಪನ ಹೆಸರಿಗೂ ಮರ್ಯಾದೆ ಬಂದೀತೆಂದು ಮಗಳು ನಂಬಿದ್ದಳು.

ದರ್ಜಿಯಮ್ಮ ಕನ್ನಡಕ ಏರಿಸಿ, ಅವನು ಚಾಚಿದ ಹಾಳೆಯನ್ನು ಬೆರಳಿಟ್ಟು ಓದತೊಡಗಿದಳು. ಅಧಿಕಾರಿ ಹವೆಯ ಬಗ್ಗೆ, ಬೀದಿಯ ಬಗ್ಗೆ ಮಾತಾಡುತ್ತಲೇ ಇದ್ದ. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ಅವಘಡಕ್ಕೆ ಹಡಗಿನ ದೋಷ ಕಾರಣವಲ್ಲ, ಎಂಜಿನ್ ಮೆಕ್ಯಾನಿಕನ ಅಲಕ್ಷ್ಯವೇ ಕಾರಣವೆಂದು ಕುಟುಂಬ ಒಪ್ಪಿದೆ ಎಂದಿತ್ತು.

"ಇದನ್ನ ಇಲ್ಲಿ ಯಾಕೆ ತುರುಕಿದ್ದೀರಿ?"

ಅವನು ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸಿದ. "ದೋಷ ಇದ್ದ ಹಡಗಿನ ಹೆಸರನ್ನ ಮತ್ತೆ ಇಡಲ್ಲಮ್ಮ, ನಾವಿಕರು ಹತ್ತೋಕೇ ಹೆದರ್ತಾರೆ. ತಪ್ಪು ಒಬ್ಬ ಮನುಷ್ಯಂದು ಅಂತಾದ್ರೆ ಹೆಸರಿಗೆ ಕಳಂಕ ಇಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. "ಪೈಪು ಸೋರ್ತಿದೆ ಅಂತ ನಮ್ಮನೆಯವ್ರು ಮೂರು ಸಲ ಬರೆದು ಕೊಟ್ಟಿದ್ರು."

"ಅಂಥ ಕಾಗದ ಯಾವುದೂ ಸಿಕ್ಕಿಲ್ಲ."

"ಸಿಗಲ್ಲ ಬಿಡಿ. ನಿಮಗೆ ಬೇಡದ್ದೆಲ್ಲ ಮುಳುಗತ್ತೆ."

ಮಗಳು ಎದ್ದು ಬಂದು ಹಾಳೆಯನ್ನು ಕಿತ್ತುಕೊಂಡು ಓದಿದಳು. ಮುಖ ಕೆಂಪಾಯಿತು. "ಹಾಕ್ಬೇಡಮ್ಮ" ಎಂದಳು.

"ಆಗ ಹಡಗಿಗೆ ಬೇರೆ ಹೆಸರು ಹುಡುಕಬೇಕಾಗತ್ತೆ" ಎಂದ ಅಧಿಕಾರಿ, ಬೆದರಿಸುವವನಂತೆ.

"ಹುಡುಕಿ" ಎಂದಳು ದರ್ಜಿಯಮ್ಮ. "ಹೆಸರಿಗೇನು ಬರಗಾಲವಾ?"

ಅವನು ಹೋದ. ಅವನು ನಿಜವಾಗಿಯೂ ಬೀದಿ ದಾಟಿದನೇ ಎಂದು ಕಿಟಕಿಯಿಂದ ನೋಡಿಕೊಂಡೇ ಅವಳು ಯಂತ್ರ ತುಳಿಯಲು ಕೂತಳು. ಅಷ್ಟರಲ್ಲಿ ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತೆಗೆ ಫೋನು ಮಾಡಿದ್ದಳು.

"ಮಗೂಗೆ ಹೆಸರು ಇಟ್ಟಾಯ್ತು ಅತ್ತೆ."

"ನನ್ನನ್ನ ಕೇಳದೇನೇ? ಯಾವ ಹೆಸರೇ?" ಅತ್ತೆಯ ದನಿ ಕೋಣೆಗೆಲ್ಲ ಕೇಳಿಸಿತು.

ದರ್ಜಿಯಮ್ಮ ಯಂತ್ರದ ಚಕ್ರವನ್ನು ಅಂಗೈಯಿಂದ ಒತ್ತಿ ಹಿಡಿದು, ಗಂಡನ ಹೆಸರು ಕೇಳಿಸಲೆಂದು ಸದ್ದು ನಿಲ್ಲಿಸಿದಳು.