ನಾಗವ್ವನ ಹೆಸರು ಹೊತ್ತ ಹಲ್ಲು

ನಾನು ಒಂದು ಹಲ್ಲು. ಇಷ್ಟೇನಾ ಎಂದು ಮೂಗು ಮುರಿಯಬೇಡಿ, ನಿಮ್ಮ ಅಂಗೈಯಷ್ಟು ಉದ್ದವಿದ್ದೇನೆ. ಭೂಮಿಯ ಮೇಲೆ ಹೂವು ಎಂಬುದೇ ಇನ್ನೂ ಅರಳಿರದ ಜುರಾಸಿಕ್ ಕಾಲದಲ್ಲಿ, ಒಂದು ಭಾರಿ ಬೇಟೆಗಾರ ಡೈನೋಸಾರಿನ ದವಡೆಯಲ್ಲಿ ಹುಟ್ಟಿದೆ. ಅದು ಹೆಜ್ಜೆ ಇಟ್ಟರೆ ಬೇರುಸಮೇತ ನಾನು ಅದುರುತ್ತಿದ್ದೆ. ಒಮ್ಮೆ ಬೇಟೆಯ ಮೇಲೆ ಎರಗಿದಾಗ ಕಳಚಿ ಹೊಳೆಯ ಮರಳಿಗೆ ಬಿದ್ದೆ. ನನ್ನ ಜಾಗದಲ್ಲಿ ಹೊಸ ಹಲ್ಲು ಬಂದಿರಬೇಕು, ನನಗಾಗಿ ಆ ಪ್ರಾಣಿ ಅತ್ತಿರಲಾರದು. ಮರಳು ಕಲ್ಲಾಯಿತು, ನಾನೂ ಕಲ್ಲಾದೆ.

ಕಛ್‌ನ ಒಣ ಹಳ್ಳದಲ್ಲಿ ನನ್ನನ್ನು ಎತ್ತಿಕೊಂಡವರು ಧಾರವಾಡದ ಭೂವಿಜ್ಞಾನದ ಮೇಷ್ಟ್ರು ಗುರುಪಾದಪ್ಪ ಕೋರಿ. ಪಕ್ಕದಲ್ಲೇ ಆಳೆತ್ತರದ ಕಾಲೆಲುಬೊಂದು ಬಿದ್ದಿತ್ತು. ಎರಡೂ ಒಂದೇ ಪ್ರಾಣಿಯವೆಂದು ತಿಳಿದು, ಆ ದೈತ್ಯ ಬೇಟೆಗಾರನಿಗೆ ತೀರಿಹೋದ ತಮ್ಮ ತಾಯಿ ನಾಗವ್ವನ ಹೆಸರಿಟ್ಟರು. ಮೇಷ್ಟ್ರು ಹೆಸರುವಾಸಿಯಾದರು. ನನಗೆ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆ, ಹತ್ತಿಯ ಹಾಸಿಗೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನು ಉಬ್ಬಿಹೋಗಿದ್ದೆ.

ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, ಅವರ ಶಿಷ್ಯೆ ನೀಲಗಂಗಾ ಎಲುಬಿನ ಮುರಿದ ತುದಿಯ ಮಣ್ಣು ಬಿಡಿಸಿದಳು. ಬೇಟೆಗಾರ ಡೈನೋಸಾರುಗಳ ಕಾಲೆಲುಬು ಒಳಗೆ ಪೊಳ್ಳು. ಇದು ಗಟ್ಟಿಯಾಗಿತ್ತು. ಅವಳು ಬ್ರಷ್ ಕೆಳಗಿಟ್ಟಳು. ಮರುದಿನ ತಾನೇ ಹೋಗಿ ಮೇಷ್ಟ್ರನ್ನು ಕರೆತಂದಳು.

"ಸರ್, ಹೆಂಗ ಹೇಳಬೇಕೋ ತಿಳೀವಲ್ತ್ರಿ. ಎಲುಬು ಸೊಪ್ಪು ತಿನ್ನೋ ಪ್ರಾಣೀದು. ಹಲ್ಲು ಬ್ಯಾರೆ, ಎಲುಬು ಬ್ಯಾರೆ."

ಮೇಷ್ಟ್ರ ಮುಖ ಕಳೆಗುಂದಿತು. ಒಂದೇ ಹೆಸರು ಎರಡು ಪ್ರಾಣಿಗಳಿಗೆ ಸಲ್ಲದು, ಯಾವುದಾದರೂ ಒಂದಕ್ಕೆ ಉಳಿಸಬೇಕೆಂಬುದು ಅವರ ಶಾಸ್ತ್ರದ ನಿಯಮ.

"ಹಲ್ಲಿಗೇ ಉಳಿಸೂಣ್ರಿ ಸರ್. ನಿಮ್ಮ ಬೇಟೆಗಾರ ಉಳೀತಾನ," ಎಂದಳು ನೀಲಗಂಗಾ.

ಹೂಂ ಅನ್ನಿ ಮೇಷ್ಟ್ರೇ, ಹೂಂ ಅನ್ನಿ ಎಂದು ನಾನು ಒಳಗೊಳಗೇ ಅಂಗಲಾಚಿದೆ.

"ಒಂದು ಹಲ್ಲು ನೋಡಿ ಇದು ಇಂಥಾದ್ದ ಅಂತ ಹೇಳಾಕ ಬರ್ತೈತೇನವಾ? ಇಂಥಾ ಹಲ್ಲು ಎಷ್ಟೋ ಪ್ರಾಣಿಗೆ ಇದ್ವು. ಎಲುಬಿಗೇ ಇರ್ಲಿ." ಆಮೇಲೆ ಮೇಷ್ಟ್ರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ನಮ್ಮವ್ವ ತತ್ತಿ ಸೈತ ಮುಟ್ಟಿದಾಕಿ ಅಲ್ಲ. ಸೊಪ್ಪು ತಿನ್ನೋದಕ್ಕ ಆಕಿ ಹೆಸರು ಒಪ್ಪತೈತಿ ಬಿಡು."

ಎಲುಬು ಹೆಸರು ಹೊತ್ತುಕೊಂಡು ಮ್ಯೂಸಿಯಮ್ಮಿನ ದೊಡ್ಡ ಪ್ರದರ್ಶನ ಕೋಣೆಗೆ ಹೋಯಿತು. ನಾನು ಮೂಲೆಯ ಡ್ರಾಯರು ಸೇರಿದೆ. ನನ್ನ ಚೀಟಿಯಲ್ಲಿ ಈಗ 'ದೊಡ್ಡ ಮಾಂಸಾಹಾರಿ, ಜಾತಿ ತಿಳಿದಿಲ್ಲ' ಎಂದಷ್ಟೇ ಇದೆ. ತುಂಬಾ ಬೇಸರವಾಯಿತು.

ಮೊನ್ನೆ ಮೇಷ್ಟ್ರು ಕೋಲೂರಿಕೊಂಡು ಬಂದು, ಡ್ರಾಯರು ಎಳೆದು, ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗರಗಸದಂಥ ನನ್ನ ಅಂಚಿನ ಮೇಲೆ ಬೆರಳಾಡಿಸಿದರು. ಅವರ ಕಣ್ಣುಗಳು ಅರಳಿದ್ದವು.

"ಯಾರಪಾ ನೀ?" ಎಂದು ಮೆಲ್ಲಗೆ ಕೇಳಿದರು.

ನನಗೊಂದು ಹೆಸರಿದ್ದಷ್ಟು ಕಾಲ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೇಳೋಣವೆಂದರೆ ನನಗೂ ಗೊತ್ತಿಲ್ಲ. ನಾನು ಆ ಪ್ರಾಣಿಯ ಬಾಯೊಳಗಿದ್ದವನು, ಅದರ ಮುಖವನ್ನು ಒಮ್ಮೆಯೂ ನೋಡಲಿಲ್ಲ.