ಕಲ್ಲು ಬೇಯಿಸಿದ ದಿನ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅವಳು ಕುದಿನೀರಕ್ಕ. ಆಪರೇಷನ್ ಥಿಯೇಟರಿನ ಕತ್ತರಿ, ಇಕ್ಕಳಗಳೆಲ್ಲ ಅವಳ ಕೈಯಲ್ಲಿ ಚೆನ್ನಾಗಿ ಬೆಂದಮೇಲೆಯೇ ಡಾಕ್ಟರುಗಳ ಕೈಗೆ ಹೋಗಬೇಕು. ಮನೆಯಲ್ಲೂ ಅದೇ ಚಾಳಿ. ಒರೆಸುವ ಬಟ್ಟೆ, ಬಾಚಣಿಗೆ, ಅತ್ತೆಯ ಹಲ್ಲಿನ ಸೆಟ್ಟು, ಯಾವುದಕ್ಕೂ ವಿನಾಯಿತಿ ಇಲ್ಲ. "ಇವಳ ಕೈಗೆ ಸಿಕ್ಕರೆ ಚಂದ್ರನನ್ನೂ ಒಂದು ಕುದಿ ಕುದಿಸಿ ಒಣಗಿಹಾಕ್ತಾಳೆ" ಎಂದು ಗಂಡ ಆಡಿಕೊಳ್ಳುತ್ತಿದ್ದ.

ಗಂಡನ ಹುಚ್ಚು ಬೇರೆ. ಲಿಫ್ಟ್ ರಿಪೇರಿಯವನು ಅವನು. ಹಗಲೆಲ್ಲ ಊರವರನ್ನು ಮೇಲಕ್ಕೆ ಕೆಳಕ್ಕೆ ಕಳಿಸಿ, ಸಂಜೆ ಮನೆಗೆ ಬಂದವನೇ ಸಮುದ್ರಕ್ಕೆ ಇಳಿಯುತ್ತಿದ್ದ. ಹಜಾರದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ, ಅದರಲ್ಲಿ ಜೀವಂತ ಹವಳ, ಹವಳದ ಸಂದಿಗೊಂದಿಗಳಲ್ಲಿ ಮೀನು. ಅದು ಸಾಲದೆಂದು ಈಗ ಸೋಫಾವನ್ನೇ ಮನೆಯಿಂದ ಹೊರಹಾಕಿ, ಆ ಜಾಗಕ್ಕೆ ದುಪ್ಪಟ್ಟು ಉದ್ದದ ತೊಟ್ಟಿ ತರಿಸಿದ್ದ. "ನೆಂಟರು ಬಂದ್ರೆ ಎಲ್ಲಿ ಕೂರಿಸ್ತೀರಿ?" ಎಂದು ಅವಳು ಕೇಳಿದ್ದಕ್ಕೆ, "ನಿಂತ್ಕೊಂಡು ಮೀನು ನೋಡ್ಲಿ" ಎಂದಿದ್ದ. ಇಂಥವನ ಜೊತೆ ಜಗಳಕ್ಕೆ ನಿಂತರೆ ಗಂಟಲು ಒಣಗುವುದೇ ಹೊರತು ಬೇರೇನೂ ಆಗದು.

ಭಾನುವಾರ ಬೆಳಿಗ್ಗೆ ಸ್ಥಳಾಂತರ ಶುರುವಾಯಿತು. ಮೊದಲು ಹಳೆಯ ನೀರನ್ನು ಬಕೆಟ್ಟುಗಳಿಗೆ ತುಂಬಿಸಿದ. ಆಮೇಲೆ ಹವಳಗಳನ್ನು ಒಂದೊಂದಾಗಿ ಎತ್ತಿ, ಹಸುಗೂಸನ್ನು ಸ್ನಾನಕ್ಕೆ ಇಳಿಸುವವನ ಹಾಗೆ, ಅಗಲ ಬೇಸಿನ್ನುಗಳಲ್ಲಿ ಮುಳುಗಿಸಿಟ್ಟ. ಹವಳದ ಕಲ್ಲುಗಳೆಲ್ಲ ಹೊರಬಂದಮೇಲೆ ಅಡಗಲು ಜಾಗವಿಲ್ಲದ ಮೀನುಗಳು ಬಲೆಗೆ ಬಿದ್ದವು. ಹಳದಿ ಮೀನೊಂದು ಮಾತ್ರ ಬಲೆಯನ್ನೇ ಹೆದರಿಸಿಕೊಂಡು ಓಡಾಡಿತು. ಅಡುಗೆಮನೆಯ ಬಾಗಿಲ ಬಳಿ ಬಟಾಣಿ ಸುಲಿಯುತ್ತಿದ್ದ ಅತ್ತೆ, "ಅದು ನಿಮ್ಮಪ್ಪನ ಥರ ಕಣೋ. ಮನೆ ಬದಲಾಯಿಸೋಣ ಅಂದ್ರೆ ಮಂಚ ಬಿಟ್ಟು ಏಳ್ತಿರ್ಲಿಲ್ಲ" ಎಂದರು.

ಗಂಡ ಇಷ್ಟು ಕೆಲಸವನ್ನೂ ಮೊಣಕೈವರೆಗಿನ ರಬ್ಬರ್ ಕೈಗವಸು ತೊಟ್ಟೇ ಮಾಡಿದ. ಅದು ಯಾವಾಗಲೂ ಹಾಗೆಯೇ. "ಸರ್ಜನ್ ಸಾಹೇಬ್ರೇ, ಚಾಕು ಕೊಡ್ಲಾ?" ಎಂದು ಅವಳು ರೇಗಿಸಿದಳು. ಅವನು ನಕ್ಕು ಕೈಗವಸನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ.

ಕೊನೆಗೆ ಒಂದು ಕಲ್ಲು ಉಳಿಯಿತು. ಅದರ ಮೈತುಂಬ ಅಂಗಿಯ ಗುಂಡಿಗಳಂಥ ಕಂದು ಹವಳ ಮೆತ್ತಿಕೊಂಡಿತ್ತು. ಅವನು ಅದನ್ನು ಬೇರೆ ಬಕೆಟ್ಟಿಗೆ ಹಾಕಿ ಬಚ್ಚಲ ಮೂಲೆಗೆ ಸರಿಸಿದ.

"ಇದು ಹೊಸ ತೊಟ್ಟಿಗೆ ಬೇಡ. ಒಂದು ಚೂರು ಹೋದ್ರೂ ಎಲ್ಲಾ ಕಡೆ ಹಬ್ಕೊಳ್ಳತ್ತೆ. ಪೂರ್ತಿ ಸಾಯಿಸ್ಬೇಕು."

"ಉಜ್ಜಿ ತೊಳೀಲಾ?"

"ಬೇಡ, ಮುಟ್ಬೇಡ. ನಾನೇ ನೋಡ್ಕೋತೀನಿ."

ಅಷ್ಟರಲ್ಲಿ ಹೊಸ ತೊಟ್ಟಿಯ ಪೈಪಿನ ಜೋಡಣೆಯಲ್ಲಿ ನೀರು ಜಿನುಗಿತು. ಅವನು ತಲೆ ಚಚ್ಚಿಕೊಂಡು, ಬೇರೆ ಜೋಡಣೆ ತರಲು ಅಂಗಡಿಗೆ ಓಡಿದ.

ಮುಟ್ಟಬೇಡ ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಆದರೆ ಆ ಮಾತು ಅವಳಿಗೆ ಎಚ್ಚರಿಕೆಯ ಹಾಗೆ ಕೇಳಲಿಲ್ಲ. ಆಟದ ಸಾಮಾನು ಮುಟ್ಟಬೇಡ ಎನ್ನುವ ಹುಡುಗನ ದನಿ ಅದು ಎಂದುಕೊಂಡಳು. ಇಷ್ಟು ವರ್ಷ ಆ ತೊಟ್ಟಿಯನ್ನು ಹೀಯಾಳಿಸಿದ್ದೇ ಆಯಿತು, ಇವತ್ತೊಂದು ದಿನ ಅವನಿಗೆ ನೆರವಾಗೋಣ ಅನ್ನಿಸಿತು. ಪೂರ್ತಿ ಸಾಯಿಸುವ ವಿದ್ಯೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಕಲ್ಲನ್ನು ಇಕ್ಕಳದಲ್ಲಿ ಹಿಡಿದು ಇಳಿಸಿ, ಒಲೆ ಜೋರು ಮಾಡಿದಳು.

"ಏನೇ ಅದು, ಕಲ್ಲು ಬೇಯಿಸ್ತಿದ್ದೀಯಾ? ಎಷ್ಟು ಸೀಟಿ ಕೂಗಿಸ್ಬೇಕು?" ಎಂದರು ಅತ್ತೆ.

"ನಿಮ್ಮ ಹಲ್ಲಿಗೆ ಮೆತ್ತಗಾಗೋವರೆಗೂ ಬೇಯಿಸ್ತೀನಿ ಅತ್ತೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರು ಕುದಿಯಿತು. ಹಬೆ ಅಡುಗೆಮನೆಯೆಲ್ಲ ತುಂಬಿ, ಸಮುದ್ರವೇ ಸೀದುಹೋದಂಥ ನಾತ ಬಂತು. ಕುದಿನೀರಕ್ಕನಿಗೆ ನಾತ ಹೊಸದಲ್ಲ. ಮೂಗು ಮುಚ್ಚಿಕೊಂಡು ಹೊಸ ತೊಟ್ಟಿಯ ಗಾಜು ಒರೆಸಲು ಹಜಾರಕ್ಕೆ ಹೋದಳು. ಅತ್ತೆ ಬಟಾಣಿ ಬಿಟ್ಟು ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ನಾಲಿಗೆಯ ಮೇಲೆ ತುಕ್ಕು ಹಿಡಿದ ಮೊಳೆ ಚೀಪಿದಂಥ ರುಚಿ ಬಂತು. ಆಮೇಲೆ ಕೆಮ್ಮು. ಒಳಗೆ ಅತ್ತೆಯೂ ಕೆಮ್ಮುತ್ತಿದ್ದರು. ಆ ಕೆಮ್ಮು ನಿಲ್ಲಲೇ ಇಲ್ಲ. ಅವಳು ಒಳಗೆ ಓಡಿದಾಗ ಬಟಾಣಿಯೆಲ್ಲ ನೆಲದ ಮೇಲೆ ಚೆಲ್ಲಿತ್ತು. ಅತ್ತೆ ಎದೆ ಹಿಡಿದುಕೊಂಡು, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಅಂಥ ತುಟಿಗಳನ್ನು ಅವಳು ಥಿಯೇಟರಿನಲ್ಲಿ ನೋಡಿದ್ದಳು, ಮನೆಯಲ್ಲಿ ನೋಡಿರಲಿಲ್ಲ.

ಅದೇ ಹೊತ್ತಿಗೆ ಗಂಡ ಬಾಗಿಲು ತೆರೆದ. ನಾತ ಮೂಗಿಗೆ ಬಡಿದದ್ದೇ ತಡ, ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಏನಾಯಿತು ಎಂದು ಕೇಳಲಿಲ್ಲ. ಪಾತ್ರೆಯಲ್ಲಿ ಏನಿದೆ ಎಂದು ನೋಡಲಿಲ್ಲ. ಅಂಗಿಯಿಂದ ಮೂಗು ಮುಚ್ಚಿಕೊಂಡು ಒಲೆ ಆರಿಸಿ, ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಓಡಿದ. "ಉಸಿರು ಬಿಗಿಹಿಡಿ! ಹೊರಗೆ ಬಾ! ಬೇಗ!" ಎಂದು ಅವಳ ಮೇಲೆ ಕಿರುಚಿದ.

ಅವಳು ದುಡಿಯುವ ಆಸ್ಪತ್ರೆಗೇ ಅವಳನ್ನು ರೋಗಿಯಾಗಿ ತಂದರು. ಅತ್ತೆಯನ್ನು ಒಳಗೆ ಕರೆದೊಯ್ದ ಡಾಕ್ಟರು ಅವಸರದಲ್ಲಿ ಹೊರಬಂದು, ಏನು ಉಸಿರಾಡಿದಿರಿ ಎಂದು ಕೇಳಿದರು.

"ಕಲ್ಲು ಬೇಯಿಸಿದೆ" ಎಂದಳು. ತನ್ನ ಕಿವಿಗೇ ಅದು ತಲೆಕೆಟ್ಟವಳ ಮಾತಿನ ಹಾಗೆ ಕೇಳಿಸಿತು.

ಗಂಡ ಅಡ್ಡಬಂದ. "ಹವಳದ ವಿಷ ಡಾಕ್ಟ್ರೇ. ಪಾಲಿಟಾಕ್ಸಿನ್. ಹಬೇಲಿ ಸೇರಿ ಶ್ವಾಸಕೋಶಕ್ಕೆ ಹೋಗತ್ತೆ. ಇದಕ್ಕೆ ಮದ್ದಿಲ್ಲ, ಉಸಿರಾಟ ನೋಡ್ಕೋಬೇಕು, ಹೃದಯ ನೋಡ್ಕೋಬೇಕು."

ಡಾಕ್ಟರಿಗೆ ಆ ಹೆಸರು ಹೊಸದು. ಗಂಡ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದ. ಒಂದು ಕಡೆಯೂ ತಡವರಿಸಲಿಲ್ಲ.

ಆಕ್ಸಿಜನ್ ಮಾಸ್ಕಿನ ಹಿಂದೆ ಅವಳು ಗರಬಡಿದವಳಂತೆ ಕೂತಳು. ಜ್ವರ ಏರುತ್ತಿತ್ತು, ಆದರೆ ತಲೆಯಲ್ಲಿ ತಿರುಗುತ್ತಿದ್ದುದು ಆ ಹೆಸರೇ. ಹೆಂಡತಿಯ ರಕ್ತದ ಗುಂಪು ಇವತ್ತಿಗೂ ನೆನಪಿಲ್ಲದ ಗಂಡನಿಗೆ ಈ ಉದ್ದನೆಯ ಹೆಸರು ಬಾಯಿಪಾಠವಾಗಿತ್ತು.

"ಯಾವಾಗಿಂದ ಗೊತ್ತು ನಿಮಗೆ?"

ಅವನು ನೆಲ ನೋಡಿದ. "ಆ ಕಲ್ಲು ತಂದಾಗಿಂದ. ಅಂಗಡಿಯವನು ಹೇಳಿದ್ದ, ಬಿಸಿನೀರು ತೋರಿಸ್ಬೇಡ, ಬರಿಗೈಲಿ ಮುಟ್ಬೇಡ ಅಂತ."

"ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ತೊಟ್ಟೀನ ಮನೇಲಿ ಇರೋಕೇ ಬಿಡ್ತಿರ್ಲಿಲ್ಲ."

ನಿಜ, ಬಿಡುತ್ತಿರಲಿಲ್ಲ. ಕುದಿನೀರಿಲ್ಲದೆ ದಿನ ಕಳೆಯದ ಹೆಂಗಸಿರುವ ಮನೆ ಅದು. ಅಂಥ ಮನೆಗೆ, ಕುದಿನೀರು ಸೋಕಿದರೆ ಜೀವ ತೆಗೆಯುವ ವಸ್ತುವನ್ನು ತಂದಿಟ್ಟು, ತನ್ನ ಕೈಗೆ ಮಾತ್ರ ಕವಚ ತೊಟ್ಟುಕೊಂಡಿದ್ದ. ಆದರೂ ಒಲೆ ಹಚ್ಚಿದ ಕೈ ತನ್ನದು ಎಂಬುದು ಅವಳನ್ನು ಬಿಡಲೊಲ್ಲದು. ಅತ್ತೆ ಹೋಗಿಬಿಟ್ಟರೆ ಈ ಕೈಯನ್ನು ಯಾವ ನೀರಿನಲ್ಲಿ ತೊಳೆಯುವುದು ಎಂದು ದಿಗಿಲಾಯಿತು.

ಸಂಜೆಯ ಹೊತ್ತಿಗೆ ಡಾಕ್ಟರು ಬಂದು, ಅತ್ತೆಯ ಉಸಿರು ಹತೋಟಿಗೆ ಬಂದಿದೆ, ಗಂಡಾಂತರ ಕಳೆಯಿತು ಎಂದರು. ಇಬ್ಬರನ್ನೂ ಒಳಗೆ ಬಿಟ್ಟರು. ಅತ್ತೆಯ ಮುಖ ಅಂಗೈಯಷ್ಟಾಗಿತ್ತು. ಅವಳು ಮಂಚದ ಪಕ್ಕ ಕುಸಿದು, ಒಂದೇ ಉಸಿರಿಗೆ ಹೇಳಿದಳು. "ಅತ್ತೆ, ಕಲ್ಲು ಬೇಯಿಸಿದ್ದು ನಾನು. ಅದು ವಿಷ ಅಂತ ನಂಗೆ ಗೊತ್ತಿರ್ಲಿಲ್ಲ. ಇವ್ರಿಗೆ ಗೊತ್ತಿತ್ತು."

ಅತ್ತೆ ಮಗನ ಕಡೆ ನೋಡಿದರು. ಅವನು ಇಲ್ಲವೆನ್ನಲಿಲ್ಲ. ಅವರು ಮೆಲ್ಲಗೆ ಮಾಸ್ಕು ಸರಿಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು.

"ಅವಳಿಗೆ ಹೇಳ್ದೆ ಇದ್ರೆ ಹೋಗ್ಲಿ, ನನ್ನ ಕಿವೀಲಾದ್ರೂ ಹೇಳ್ಬಹುದಿತ್ತಲ್ಲೋ. ನಾನೇನು ನಿನ್ನ ಮೀನು ಬೇಡ ಅಂತಿದ್ನಾ? ಒಲೆ ಪಕ್ಕದಿಂದ ಎದ್ದು ಆ ಕಡೆ ಹೋಗ್ತಿದ್ದೆ, ಅಷ್ಟೇ."